ತಾನೇ ನಿಂತ ಕೊಪ್ಪೆ

ಬ್ಯಾಡಗಿ
ತಾ. ೧೪-೬-೧೯೯೩

ಪ್ರೀತಿಯ ಪ್ರಭ್ಯಾ,

ಒಸಾಕಾದಲ್ಲಿ ನೀನು, ಸೊಸೆ ಕೆಯ್ಕೊ, ನನ್ನ ಮೊಮ್ಮಗಳು ಎಲ್ಲರೂ ಆರಾಮವೇ? ನಿನ್ನ ಬೆನ್ನುನೋವು ಹೇಗಿದೆ? ಆ ಹಸಿ ಮೀನಿನ ಊರಿನಲ್ಲಿ ನಿನಗೆ ಯಾರು ರೊಟ್ಟಿ ಬಡಿದು ಕೊಡಬೇಕು ಎಂಬುದೊಂದೇ ನನ್ನ ಚಿಂತೆ. ನಾನು ಗಟ್ಟಿಯಾಗಿದ್ದೇನೆ. ನನ್ನ ವಯಸ್ಸಿನವರಲ್ಲಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವನು ಇಡೀ ಬ್ಯಾಡಗಿಗೆ ನಾನೊಬ್ಬನೇ. ಅಂಗಡಿಯಲ್ಲಿ ನನ್ನ ಜೊತೆ ಹೊಲಿಯುವ ಚಾಂದಸಾಬ ಪೋಣಿಸಿ ಕೊಡುತ್ತಾನೆಂದು ಯಾರಾದರೂ ಬರೆದರೆ ನಂಬಬೇಡ.

ಮೆಣಸಿನಕಾಯಿ ಸುಗ್ಗಿ ಮುಗಿದು ಪೇಟೆ ಖಾಲಿಯಾಗಿದೆ. ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಕೆಲಸವೂ ಕಡಿಮೆ. ನಿನ್ನ ಚಿಗವ್ವ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಖೋಲಿಯಲ್ಲೇ ಇರುತ್ತೇನೆ. ಸಂಜೆ ಚಾಂದಸಾಬ ಮನೆಗೆ ಹೋದನೆಂದರೆ ಅವತ್ತಿನ ಮಾತು ಮುಗಿದ ಹಾಗೆ.

ಈ ಮಳೆಗಾಲಕ್ಕೆ ಮೂವರೂ ಬರುತ್ತೇವೆಂದು ಯುಗಾದಿಯ ಹೊತ್ತಿಗೆ ಬರೆದಿದ್ದೆಯಲ್ಲ, ಅವತ್ತೇ ಕೂಸಿಗೊಂದು ಮಳೆಯಂಗಿ ಹೊಲಿಯಬೇಕೆಂದು ಮನಸ್ಸು ಮಾಡಿದೆ. ನೀವು ಅವಳನ್ನು ಹಾನಾ ಎನ್ನುತ್ತೀರಿ. ನಾನು ನಮ್ಮವ್ವನ ಹೆಸರು ಹಿಡಿದು ಹೊನ್ನವ್ವ ಎಂದೇ ಕರೆಯುವವನು, ಕೆಯ್ಕೊಗೆ ಹೇಳಬೇಡ. ಕೂಸಿಗೆ ಕನ್ನಡ ಬರುವುದಿಲ್ಲ. ನನಗೆ ಜಪಾನಿ ಬರುವುದಿಲ್ಲ, ಪೇಟೆಯವರ ಲೆಕ್ಕದಲ್ಲಿ ಮಾತ್ರ ಬರುತ್ತದೆ. ನೀವು ಬಸ್ಸು ಇಳಿದ ಕೂಡಲೇ ನಾನು ಈ ಅಂಗಿ ಎತ್ತಿ ಹಿಡಿದು, ಅದರ ಹೆಸರನ್ನು ಅವಳ ಭಾಷೆಯಲ್ಲೇ ಕೂಗಬೇಕು, ಅವಳು ನಿನ್ನ ಕೈ ಬಿಟ್ಟು ನನ್ನ ಹತ್ತಿರ ಓಡಿ ಬರಬೇಕು ಎಂದು ನನ್ನ ಆಸೆ. ಅದಕ್ಕೇ ತಾಡಪತ್ರಿಯ ಮಳೆಯಂಗಿಗೆ ಅಲ್ಲಿ ಏನನ್ನುತ್ತಾರೆಂದು ಕೇಳಿದ್ದೆ. ನೀನು ಶೀಟೊ, ಕಪ್ಪಾ, ರೇನ್‌ಕೋಟೊ ಎಂದು ಮೂರು ಬರೆದು, ಯಾವುದನ್ನು ಎಲ್ಲಿ ಹೇಳಬೇಕೆಂದು ಬರೆಯಲೇ ಇಲ್ಲ. ಇಂಜಿನಿಯರಾದರೂ ಅರ್ಧ ಉತ್ತರ ಕೊಡುವ ನಿನ್ನ ಚಟ ಹೋಗಿಲ್ಲ. ಕೊನೆಯದನ್ನು ನಾನೇ ತೆಗೆದುಹಾಕಿದೆ. ಅದನ್ನು ಕೇಳಲು ಜಪಾನಿನವರೆಗೆ ಯಾಕೆ ಹೋಗಬೇಕು, ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲೇ ಕೂಗಿ ಮಾರುತ್ತಾರೆ!

ಉಳಿದೆರಡರ ನ್ಯಾಯ ಬಗೆಹರಿಸಿದವರು ಸುಗ್ಗಿಯ ಕೊನೆಗೆ ಮೆಣಸಿನಕಾಯಿ ನೋಡಲು ಬಂದಿದ್ದ ಒಬ್ಬ ಜಪಾನಿ ಸಾಹೇಬರು. "ಶಂಕ್ರಪ್ಪಾ, ಲಗೂ ಬಾರೊ, ನಿಮ್ಮ ಬೀಗರು ಬಂದಾರ!" ಎಂದು ಪೇಟೆಯವರೆಲ್ಲ ನನ್ನನ್ನೇ ಮುಂದೆ ನೂಕಿದರು. ಟೊಪ್ಪಿಗೆ ಸರಿಮಾಡಿಕೊಂಡು ಎರಡೂ ಪದ ಒಟ್ಟಿಗೇ ಒದರಿದೆ. ಅವರು ನಕ್ಕು, ರಾಶಿಯ ಮೇಲಿನ ತಾಡಪತ್ರಿ ಮುಟ್ಟಿ ಶೀಟೊ ಎಂದರು. ತಮ್ಮ ಹೆಗಲ ಮೇಲಿಂದ ಕೈ ಇಳಿಸಿ ತೋರಿಸಿ ಕಪ್ಪಾ ಎಂದರು. ಸರಕಿನ ಮೇಲೆ ಹಾಸಿದರೆ ಅದು, ಮನುಷ್ಯರು ತೊಟ್ಟರೆ ಇದು. ನಾನು ಅವರೊಂದಿಗೆ ಅರ್ಧ ತಾಸು ಜಪಾನಿ ಮಾತಾಡಿದೆನೆಂದು ಊರಲ್ಲಿ ಸುದ್ದಿಯಿದೆ. ಹಬ್ಬಿಸಿದವನು ನಾನೇ.

ಅಂಗಿಯೂ ಆಯಿತು. ನನ್ನ ಕೈ ಬಲ್ಲ ಬಟ್ಟೆ ಒಂದೇ, ಲಾರಿಗೆ ಹೊದಿಸುವ ಮೇಣದ ಕ್ಯಾನ್ವಾಸು. ಹೊಲದಾಳುಗಳು ಮಳೆಗೆ ಗೋಣಿಚೀಲ ಮಡಚಿ ತಲೆಯ ಮೇಲೆ ಹಾಕಿಕೊಳ್ಳುವ ಕೊಪ್ಪೆಯಂತೆಯೇ ಕತ್ತರಿಸಿ, ಎರಡು ತೋಳು ಕೂಡಿಸಿದೆ. ತಾಡಪತ್ರಿಯ ಮೂಲೆಗೆ ಧಣಿಯ ಹೆಸರು ಬರೆಯುವುದು ನಮ್ಮ ಪದ್ಧತಿಯಲ್ಲವೇ, ಹಾಗೆಯೇ ಬಿಳಿ ಬಣ್ಣದಲ್ಲಿ 'ಹೊನ್ನವ್ವ, ಒಸಾಕಾ' ಎಂದು ಬರೆದೆ. ಮುಗಿಸಿ ನೆಲಕ್ಕಿಟ್ಟರೆ ಅದು ಬೀಳಲೇ ಇಲ್ಲ. ಒಳಗೆ ಯಾರೂ ಇಲ್ಲದೆ, ತೋಳು ಚಾಚಿಕೊಂಡು ನೆಟ್ಟಗೆ ನಿಂತುಬಿಟ್ಟಿತು! "ಕೂಸಿಗೆ ಹೊಲಿ ಅಂದ್ರ ಲಾರಿ ಮರಿಗೆ ಹೊಲದೀಯಲ್ಲೊ ಶಂಕ್ರಪ್ಪಾ! ಇದನ್ನ ಹೊತಗೊಂಡು ಆ ಹುಡುಗಿ ಹ್ಯಾಂಗ ನಡೀಬೇಕು?" ಎಂದು ಚಾಂದಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಮೊಮ್ಮಗಳು ಅದಾಳ, ಓಡತಾಳ ನೋಡ್ತಿರು" ಎಂದೆ.

ಈಗ ಅದು ಖೋಲಿಯ ಮೂಲೆಯಲ್ಲಿ ನಿಂತಿದೆ. ಉಣ್ಣಲು ಕುಳಿತರೆ ಸರಿಯಾಗಿ ಎದುರಿಗೆ ಬರುತ್ತದೆ. ಮೊನ್ನೆ ಮಧ್ಯಾಹ್ನ ರೊಟ್ಟಿ ಮುರಿಯುತ್ತ, "ಇನ್ನೊಂದಿಷ್ಟು ಹಾಕಲೇನವಾ?" ಎಂದು ಕೇಳಿಬಿಟ್ಟೆ. ಹೊರಗೆ ಚಾಂದಸಾಬನ ಹೊಲಿಗೆ ಯಂತ್ರ ಗಪ್ಪನೆ ನಿಂತಿತು. ಅವನು ನಕ್ಕಿದ್ದರೆ ಚೆನ್ನಾಗಿತ್ತು.

'ಈ ಸಲ ರಜೆ ಸಿಗಲಿಲ್ಲ ಕಾಕಾ, ಮುಂದಿನ ವರ್ಷ ನೋಡೋಣ' ಎಂದು ನೀನು ಬರೆದ ಕಾಗದ ಶುಕ್ರವಾರ ಮುಟ್ಟಿತು. ದೊಡ್ಡ ಕೆಲಸದವನು ನೀನು, ನನಗೆ ತಿಳಿಯುತ್ತದೆ. ವಿಮಾನಕ್ಕೆ ಹೊದಿಸುವಷ್ಟು ದೊಡ್ಡ ತಾಡಪತ್ರಿ ಅಲ್ಲಿ ಸಿಗುತ್ತಿಲ್ಲವಂತೆ, ನಾನೇ ಹೊಲಿದು ಕಳಿಸಬೇಕಂತೆ, ಅದಕ್ಕೇ ತಡ ಎಂದು ಪೇಟೆಯಲ್ಲಿ ಹೇಳಿದ್ದೇನೆ. ಇಬ್ಬರು ನಂಬಿದ್ದಾರೆ. ಮೂಲೆಯಲ್ಲಿ ನಿಂತದ್ದಕ್ಕೆ ಸದ್ಯಕ್ಕೆ ಶೀಟೊ ಎನ್ನುತ್ತಿದ್ದೇನೆ. ತೊಡುವವರಿಲ್ಲದ್ದನ್ನು ಕಪ್ಪಾ ಎಂದರೆ ಆ ಸಾಹೇಬರು ಒಪ್ಪಲಿಕ್ಕಿಲ್ಲ.

ಕೆಯ್ಕೊಗೆ ನನ್ನ ಶರಣು ಹೇಳು. ಹೊನ್ನವ್ವನ ಎರಡೂ ಗಲ್ಲಕ್ಕೆ ಈ ಅಜ್ಜನ ಮುತ್ತು. ಬೆನ್ನಿಗೆ ಬಿಸಿ ಎಣ್ಣೆ ಹಚ್ಚಿಕೋ. ಸುಖವಾಗಿರ್ರಿ.

ನಿನ್ನ
ಶಂಕ್ರಪ್ಪ ಕಾಕಾ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಇಷ್ಟು ಬರೆದುಬಿಡುತ್ತೇನೆ. ಅಂಗಿಯ ಅಳತೆ ನೀನು ಹಿಂದೆ ಕಳಿಸಿದ್ದ ಫೋಟೋ ನೋಡಿ ಹಿಡಿದದ್ದು. ಬೆಳೆಯುವ ಕೂಸೆಂದು ತೋಳಿನಲ್ಲೂ ಕೆಳಗಿನ ಅಂಚಿನಲ್ಲೂ ಬಟ್ಟೆ ಮಡಚಿ ಒಳಗಿಟ್ಟು ಹೊಲಿದಿದ್ದೇನೆ. ಬಿಚ್ಚಿದರೆ ಮುಂದಿನ ಮಳೆಗಾಲಕ್ಕೂ ಆದೀತು. ಅದರಾಚೆಗೆ ಬಟ್ಟೆ ಬಿಟ್ಟಿಲ್ಲ, ಪ್ರಭ್ಯಾ.