ಹಾರ ಹಾಕಿದ ಯಂತ್ರ

ರಾಣೆಬೆನ್ನೂರು
೨೧೮೭, ಫೆಬ್ರವರಿ ೩೦

ನನ್ನ ಮುತ್ತಜ್ಜಂದಿರ ಕಾಲದಲ್ಲಿ ಆಸ್ಪತ್ರೆ ನಡೆಸುತ್ತಿರುವವರಿಗೆ,

ಮೊದಲು ಒಟ್ಟು ಖರ್ಚು ಹೇಳಿಬಿಡುತ್ತೇನೆ: ಏಳು ಜೀವ, ಒಬ್ಬ ಹೆಣ್ಣುಮಗಳ ನೌಕರಿ, ಒಂದು ಸೇವಂತಿಗೆ ಹಾರ, ಒಂದು ತೆಂಗಿನಕಾಯಿ. ಇವುಗಳಲ್ಲಿ ಕಾಯಿಯೊಂದೇ ಯಾರದೋ ಮನೆಯ ಅಡುಗೆಗೆ ಉಪಯೋಗವಾಯಿತು.

ತಾರೀಕು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ನನ್ನ ಪದಗಳು ವಿಚಿತ್ರವೆನಿಸಿದರೂ ಕ್ಷಮಿಸಿ. ನಾನು ನಡತೆಮನೆಯ ಮುಖ್ಯಸ್ಥ. ಆಸ್ಪತ್ರೆ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ ವಿಭಾಗವನ್ನು ನಾವು ಹಾಗೆ ಕರೆಯುತ್ತೇವೆ. ಇದೇ ಆಸ್ಪತ್ರೆಯ ಗೇಟಿನಲ್ಲಿ ಎಳನೀರು ಮಾರುತ್ತಿದ್ದವನು, ಬರೀ ಮಾತಿನಿಂದ ಈ ಕುರ್ಚಿಗೆ ಬಂದೆ. ಇಲ್ಲಿ ಕಣ್ಗೋಡೆಗಳಿವೆ. ಪ್ರತಿ ವಿಭಾಗದ ಪುಸ್ತಕವನ್ನೂ ಗೋಡೆಯೇ ಓದಿ, ಬೆಳಿಗ್ಗೆ ಏಳಕ್ಕೆ ರಾಜಧಾನಿಗೆ ವರದಿ ಕಳಿಸುತ್ತದೆ. ಪುಸ್ತಕದಲ್ಲಿದ್ದುದನ್ನಷ್ಟೇ ಓದುತ್ತದೆ, ನೀರನ್ನು ಓದಲಾರದು. ವರ್ಷವಿಡೀ ಒಂದೂ ತಪ್ಪು ದಾಖಲಾಗದ ಆಸ್ಪತ್ರೆಗೆ ಶುದ್ಧಪಟ್ಟಿ ಸಿಗುತ್ತದೆ. ನಮಗೆ ಎಂಟು ಬಾರಿ ಸಿಕ್ಕಿತ್ತು.

ಆಯುಧಪೂಜೆಯ ದಿನ ಉಪಕರಣ ಮುಟ್ಟಬಾರದು, ಪೆನ್ನು ಹಿಡಿಯಬಾರದು ಎಂಬುದು ಇಲ್ಲಿನ ನಿಯಮ. ಆದರೆ ಮೂತ್ರಪಿಂಡ ಕೆಟ್ಟು ರಕ್ತ ತೊಳೆಸಿಕೊಳ್ಳುವವರಿಗೆ, ನಿಮ್ಮ ಮಾತಿನಲ್ಲಿ ಡಯಾಲಿಸಿಸ್‌ನವರಿಗೆ, ಹಬ್ಬದ ರಜೆಯಿಲ್ಲ. ಹಾಗಾಗಿ ರಕ್ತ ತೊಳೆಯಲು ಬಳಸುವ ನೀರಿನ ಆ ದಿನದ ಪರೀಕ್ಷೆಯನ್ನು ಹಿಂದಿನ ದಿನವೇ 'ಸರಿ ಇದೆ' ಎಂದು ಬರೆಸಿ ಸಹಿ ಹಾಕಿಸುವ ಪದ್ಧತಿಯನ್ನು ನಾನೇ ತಂದೆ. ಎಲ್ಲರೂ ಭೇಷ್ ಅಂದರು. ಪರೀಕ್ಷಾ ಯಂತ್ರಕ್ಕೆ ಕುಂಕುಮವಿಟ್ಟು, ಕಾಯಿ ಒಡೆದು, ಹಾರ ಹಾಕಿದಾಗ ಕಿಟಕಿ ಪಕ್ಕದ ಹಾಸಿಗೆಯ ದೇವಕ್ಕಜ್ಜಿ, "ಏನಪಾ ಎಲಿಗಾರ, ಯಂತ್ರಕ್ಕ ಹಾರ, ನನಗ ಬರೇ ಸೂಜಿ?" ಎಂದು ನನ್ನನ್ನು ಕೆಣಕಿದಳು. ನಕ್ಕೆವು.

ನೀರಿನ ಪರೀಕ್ಷೆಯ ನೀಲಗಂಗಾಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಹಾರ ಸರಿಸಿ ಪರೀಕ್ಷಿಸಿದಳು. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ, ಪರೀಕ್ಷೆಯ ಪುಡಿ ಬೆರೆಸಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಥ ನೀರು ತಾಗಿದರೆ ರಕ್ತಕಣ ಒಡೆಯುತ್ತವೆ. ಶೀಸೆ ಹಿಡಿದು ನನ್ನ ಕೋಣೆಗೆ ಓಡಿಬಂದಳು.

"ಸರ್, ನೀರು ಗುಲಾಬಿ ಆಗೇತ್ರಿ. ಏಳೂ ಮಂದೀದು ನಿಲ್ಲಸ್ರಿ."

"ತಂಗಿ, ಸರಿ ಐತಿ ಅಂತ ನಿನ್ನೆ ನೀನ ಬರದೀದಿ. ಈಗ ತಿದ್ದಿದ್ರ ಪಟ್ಟಿ ಹೋತು. ನಾಳೆ ನೋಡೂಣು."

"ನಾಳೆ ಯಾರ್ನ ನೋಡ್ತೀರಿ, ಸರ್?"

ವಿಭಾಗ ನಿಲ್ಲಿಸುವ ಬೀಗಕ್ಕೆ ನನ್ನ ಹೆಬ್ಬೆರಳೇ ಬೇಕಿತ್ತು. ಅದನ್ನು ನಾನು ಎತ್ತಲಿಲ್ಲ. ಮರುದಿನ ಸಂಜೆಯೊಳಗೆ ಏಳೂ ಹಾಸಿಗೆಗಳು ಖಾಲಿಯಾದವು.

ವಿಚಾರಣೆಯವರು ಬಂದು ಪುಸ್ತಕ ನೋಡಿದರು: ನೀರು ಸರಿ ಇದೆ, ಸಹಿ ಇದೆ. ಅವರಿಗೆ ಸಿಕ್ಕ ನಿಯಮಭಂಗ ಒಂದೇ, ಪೂಜೆಯ ದಿನ ನೀಲಗಂಗಾ ಯಂತ್ರ ಮುಟ್ಟಿದ್ದು; ಅದು ಆಸ್ಪತ್ರೆಯದಲ್ಲ, ಅವಳ ಸ್ವಂತ ತಪ್ಪೆಂದು ಬರೆದುಕೊಂಡರು. ನಾನು ಗುಲಾಬಿ ಶೀಸೆಯ ವಿಷಯ ಮುಚ್ಚಿಟ್ಟು, ಅವರ ವರದಿಗೆ ಸಹಿ ಹಾಕಿದೆ.

ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟೇ. ಮಾಡದ ಕೆಲಸಕ್ಕೆ ಮುಂಚೆ ಸಹಿ ಹಾಕಿಸಬೇಡಿ. ತಪ್ಪಿಲ್ಲದ ಪುಸ್ತಕಕ್ಕೆ ಬಹುಮಾನ ಕೊಡಬೇಡಿ. ತಪ್ಪು ಕಂಡವಳ ಕೈಯಲ್ಲೇ ನಿಲ್ಲಿಸುವ ಬೀಗವಿರಲಿ. ನೀವು ಇದನ್ನು ಮಾಡುವುದಿಲ್ಲವೆಂದು ನನಗೆ ಗೊತ್ತು. ಮಾಡಿದ್ದರೆ ಈ ಕಾಗದ ಬರೆಯುವ ಕೆಲಸ ನನಗೆ ಬರುತ್ತಿರಲಿಲ್ಲ.

ಇನ್ನು ಯಾರಿಗೆ ಏನು ಸಿಕ್ಕಿತೆಂದರೆ: ಆಸ್ಪತ್ರೆಗೆ ಒಂಬತ್ತನೆಯ ಶುದ್ಧಪಟ್ಟಿ. ನನಗೆ ಬಡ್ತಿ. ನೀಲಗಂಗಾಗೆ ಎರಡು ಸಾಲಿನ ವಜಾ ಆದೇಶ. ದೇವಕ್ಕಜ್ಜಿಗೆ ಹಾರ.

ತಿರಕಪ್ಪ ಎಲಿಗಾರ