ನಲವತ್ತು ಸೆಕೆಂಡಿನ ಮೀನು

ಮಾರ್ಚ್ 2, ಸೋಮವಾರ. ಬೆಳಗ್ಗೆ 7.10

…ಹಾಗಂತ ಯಾರೂ ನನ್ನ ಕೈ ಹಿಡಿದು ಒತ್ತಿಸಲಿಲ್ಲ. ನಿನ್ನೆ ಬರೆದದ್ದನ್ನು ಈಗ ಓದಿದರೆ ತಪ್ಪೆಲ್ಲ ಪೆಟ್ಟಿಗೆಯದು ಅನ್ನುವ ಹಾಗಿದೆ. ಅಲ್ಲ. ಭಾನುವಾರ, ಡಯಾಲಿಸಿಸ್ ವಾರ್ಡಿಗೆ ರಜೆ. ಅಲ್ಲಿನ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯ ಧೂಳು ಒರೆಸಲು ಹೋದವನು ಕೀಬೋರ್ಡ್ ಯಾಕೆ ಸಿಕ್ಕಿಸಬೇಕಿತ್ತು? ಕಪ್ಪು ಪರದೆಯ ಮೇಲೆ ಒಂದು ಸಾಲು ಬಂತು — 214 ಪ್ಯಾಕೇಜುಗಳನ್ನು ಅಪ್‌ಗ್ರೇಡ್ ಮಾಡಬಹುದು. ಮಾಡಬಹುದು ಅಂತ. ಮಾಡಲೇಬೇಕು ಅಂತಲ್ಲ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು, ಬಾಕಿ ಸರ್ವಿಸ್ ಕಂಡರೆ ಕೈ ಸುಮ್ಮನಿರುವುದಿಲ್ಲ. ಸರಿಯಾಗಿ ಓಡುತ್ತಿರುವ ಲಿಫ್ಟಿನ ಮುಚ್ಚಳ ತೆಗೆಯಬೇಡಿ ಎಂದು ಹೊಸ ಮೆಕ್ಯಾನಿಕ್‌ಗಳಿಗೆ ಹೇಳಿಕೊಟ್ಟವನೂ ನಾನೇ.

ಹೌದು ಅನ್ನುವ ವೈ ಒತ್ತಿದೆ. ಎರಡು ಗಂಟೆ ಏನೇನೋ ಅಕ್ಷರ ಓಡಿತು.

ಈಗ ಪರದೆಯ ಮೇಲೆ ಚುಕ್ಕಿಯ ಮೀನುಗಳು ಈಜುತ್ತಿಲ್ಲ. ಕುಂಟುತ್ತಿವೆ.

ಅದೇ ದಿನ. ರಾತ್ರಿ 8.00

ವಾರ್ಡಿಗೆ ಹೋಗಿ ಬಂದೆ. ಹೋಗದಿದ್ದರೆ ಚೆನ್ನಾಗಿತ್ತು.

ಒಂಬತ್ತು ಕುರ್ಚಿ, ಗೋಡೆಯ ಪರದೆಯ ಮೇಲೆ ಒಂಬತ್ತು ಮೀನು. ಏಳನೇ ಕುರ್ಚಿಯಲ್ಲಿ ಎರಡು ವರ್ಷದ ಹಿಂದಿನವರೆಗೂ ನನ್ನವಳು ಚುಕ್ಕಿ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಕೂರುತ್ತಿದ್ದಳು. ಎಡಗೈಗೆ ಸೂಜಿ, ಬಲಗೈಲಿ ಮೀನಿನ ಪ್ರೋಗ್ರಾಮಿನ ಟೈಪಿಂಗ್. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು ಸುಮ್ಮನೆ ಕೂರುವ ಜಾತಿಯಲ್ಲ. ಒಬ್ಬೊಬ್ಬರನ್ನೂ ಕೇಳಿ ಅವರವರ ಮೀನಿಗೆ ಬಣ್ಣ ಹಾಕಿದಳು. ನಾಲ್ಕನೇ ಕುರ್ಚಿಯ ಟೈಲರ್ ತಾನು ಹೊಲಿದ ಮೊದಲ ಕೋಟಿನ ಚೌಕಳಿ ಬೇಕೆಂದ. ಹಾಕಿಕೊಟ್ಟಳು. ತನಗೆ ಮಾತ್ರ ಸಾದಾ ಹಳದಿ. ಉಳಿದ ಎಂಟು ಸುತ್ತಾಡುತ್ತವೆ, ಹಳದಿ ನೆಟ್ಟಗೆ ಈ ಅಂಚಿನಿಂದ ಆ ಅಂಚಿಗೆ. ಯಾಕೆ ಅಂತ ಕೇಳಿದರೆ, ಮನೆಯಲ್ಲಿ ಒಬ್ಬರಾದರೂ ನೆಟ್ಟಗೆ ಹೋಗಬೇಕಲ್ಲ ಅಂದಿದ್ದಳು.

ಟೈಲರ್ ನನ್ನನ್ನು ಕಂಡವನೇ ಶುರು ಮಾಡಿದ.

“ಏನ್ ಲಿಫ್ಟಪ್ಪ, ಮನೆಯವರ ಮೀನಿಗೆ ಬಿಕ್ಕಳಿಕೆ ಹಿಡ್ಕೊಂಡಿದೆ?”

“ಅಪ್‌ಡೇಟ್ ಆಗ್ತಿದೆ.”

“ಸುಳ್ಳು ಹೇಳೋಕೂ ಒಂದು ಅಳತೆ ಬೇಕಪ್ಪ. ಹಳದಿ ಆ ಕಡೆಯಿಂದ ಈ ಕಡೆ ಬರೋಕೆ ನಲವತ್ತು ಸೆಕೆಂಡು. ಮುನ್ನೂರರವತ್ತು ಸಲ ಬಂದ್ರೆ ನಂಗೆ ಬಿಡುಗಡೆ. ಗಡಿಯಾರ ನೋಡಿದ್ರೆ ಎದೆ ಹಿಡ್ಕೊಳ್ಳುತ್ತೆ, ಅದಕ್ಕೇ ಮೀನು ಎಣಿಸ್ತೀನಿ. ಇವತ್ತು ಎಷ್ಟಾಯ್ತು ಗೊತ್ತಾ? ನಲವತ್ತು. ನಾಲ್ಕು ಗಂಟೆಲಿ ಬರೀ ನಲವತ್ತು.”

ನಗಲಿಲ್ಲ ಅವನು. ನಾನೂ ನಗಲಿಲ್ಲ.

ದೊಡ್ಡ ಸಿಸ್ಟರ್ ಬಾಗಿಲ ಹತ್ತಿರ ಕರೆದು ಹೇಳಿದರು — ಔಷಧಿ ಕಂಪನಿಯೊಂದು ಪುಕ್ಕಟೆ ಟಿವಿ ಕೊಡುತ್ತಿದೆಯಂತೆ. ದಿನವಿಡೀ ಜಾಹೀರಾತು. ಹದಿನಾರನೇ ತಾರೀಕು ಬಂದು ಹಾಕುತ್ತಾರೆ. “ಮೀನು ಸರಿಯಿದ್ದಿದ್ರೆ ಬೇಡ ಅಂತ ನಾನೇ ಅಡ್ಡ ನಿಲ್ತಿದ್ದೆ. ಈಗ ಏನಂತ ಹೇಳ್ಲಿ? ಎರಡು ಜನಕ್ಕೆ ನೋಡಿ ನೋಡಿ ತಲೆ ಸುತ್ತು ಬಂತು. ಪೆಟ್ಟಿಗೆ ಮನೆಗೆ ತಗೊಂಡು ಹೋಗಿ. ಹದಿಮೂರರ ಸಂಜೆಯೊಳಗೆ ಆದ್ರೆ ನೋಡೋಣ.”

ಪೆಟ್ಟಿಗೆ ಊಟದ ಡಬ್ಬಿಯಷ್ಟಿದೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಮಾರ್ಚ್ 3, ಮಂಗಳವಾರ. 11.00

ಗ್ರಂಥಾಲಯದಿಂದ ಪತ್ರ. ಸದಸ್ಯೆ ತೀರಿಕೊಂಡಿದ್ದರೆ ಹೆಸರು ತೆಗೆಸಲು ಫಾರಂ ತುಂಬಿ. ತುಂಬಿದೆ. ಎರಡು ವರ್ಷದಿಂದ ಇದೇ ಉದ್ಯೋಗ. ಫೋನಿನಿಂದ ತೆಗೆಸಿದೆ, ವಿಮೆಯಿಂದ ತೆಗೆಸಿದೆ, ಮತದಾರರ ಪಟ್ಟಿಯಿಂದ, ಹಲ್ಲಿನ ಡಾಕ್ಟರ ರಿಜಿಸ್ಟರಿನಿಂದ. ದಿ ಅಂಡರ್‌ಸೈನ್ಡ್ ಬೆಗ್ಸ್ ಟು ಸ್ಟೇಟ್… ಕಾಲೇಜಿನಲ್ಲಿ ಕಲಿತದ್ದರಲ್ಲಿ ಅದೊಂದು ಸಾಲು ಮಾತ್ರ ಇಡಿಯಾಗಿ ಉಳಿದಿದೆ, ಅದೇ ಉಪಯೋಗಕ್ಕೆ ಬರುತ್ತಿದೆ.

ಪೆಟ್ಟಿಗೆಯನ್ನು ನಮ್ಮ ಟಿವಿಗೆ ಸಿಕ್ಕಿಸಿದೆ. ಚುಕ್ಕಿಯ ನೋಟ್‌ಬುಕ್ ಪಕ್ಕದಲ್ಲಿ. ಪರೀಕ್ಷೆಗೆ ಒಂದು ಚಿಕ್ಕ ಪ್ರೋಗ್ರಾಮ್ ಇದೆ, ಒಂದು ಘನ ತಿರುಗುತ್ತದೆ, ಅಷ್ಟೇ. ಅದೂ ಕುಂಟುತ್ತಿದೆ. ಚಿತ್ರ ಬಿಡಿಸುತ್ತಿರುವುದು ಯಾರು ಅಂತ ಕೆಳಗೆ ಬರೆದುಕೊಳ್ಳುತ್ತದೆ — ರೆಂಡರರ್: ಎಲ್‌ಎಲ್‌ವಿಎಂ ಪೈಪ್. ನೋಟ್‌ಬುಕ್ಕಿನಲ್ಲಿ ಅವಳ ಅಕ್ಷರ: “ಈ ಹೆಸರು ಬಂದರೆ ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತಿದೆ, ಬಡಪಾಯಿ ಸಿಪಿಯು ಒಂದೊಂದು ಚುಕ್ಕೆಯನ್ನೂ ಕೈಯಿಂದ ಬರೆಯುತ್ತಿದೆ ಅಂತ ಅರ್ಥ.”

ಅರ್ಥವಾಯಿತು. ಕರೆಂಟ್ ಹೋದಾಗ ಮೇಲೆ ನಿಂತು ಕೈಚಕ್ರ ತಿರುಗಿಸಿ ಲಿಫ್ಟ್ ಇಳಿಸುತ್ತೇವಲ್ಲ, ಹಾಗೆ. ಆದರೆ ಇಲ್ಲಿ ಕರೆಂಟಿದೆ. ಮೋಟಾರಿದೆ. ಮೋಟಾರಿಗೆ ಏನಾಗಿದೆ?

ಮಾರ್ಚ್ 4, ಬುಧವಾರ. ಮಧ್ಯಾಹ್ನ 2.30

ಕಂಪ್ಯೂಟರ್ ಅಂಗಡಿಯವನ ಹತ್ತಿರ ಒಯ್ದೆ. ಹತ್ತು ನಿಮಿಷ ತಿರುಗಿಸಿ ಮುರುಗಿಸಿ ನೋಡಿದ.

“ಸರ್, ಇದ್ರಲ್ಲಿ ಡೆಸ್ಕ್‌ಟಾಪೇ ಇಲ್ವಲ್ಲ. ವಿಂಡೋ ಇಲ್ಲ, ಮೌಸ್ ಬಾಣ ಇಲ್ಲ. ಯಾರ್ ಸರ್ ಹೀಗೆ ಬರೀ ಮೈಲಿ ಬಿಟ್ಟಿರೋದು?”

“ನನ್ನ ಹೆಂಡತಿ.”

“ಒಂದು ಡೆಸ್ಕ್‌ಟಾಪ್ ಹಾಕ್ಬಿಡಿ. ಚಿಪ್ ಓಡಿಸೋ ಡ್ರೈವರ್ ತಾನಾಗೇ ದಾರಿಗೆ ಬರುತ್ತೆ.”

ಬೇಡ ಅಂದು ಎತ್ತಿಕೊಂಡು ಬಂದೆ. ಅವನಿಗೆ ಏನಂತ ವಿವರಿಸುವುದು. ಅವಳು ಮೊದಲು ಡೆಸ್ಕ್‌ಟಾಪ್ ಹಾಕಿದ್ದಳು. ಒಂದು ದಿನ ಮೀನುಗಳ ನಡುವೆ ಚೌಕ ಎದ್ದು ನಿಂತಿತು — ಅವಧಿ ಮುಗಿದಿದೆ, ಮುಂದುವರಿಸಬೇಕೇ? ಹೌದು, ಇಲ್ಲ. ಮೂರನೇ ಕುರ್ಚಿಯ ಮುದುಕಿ ಅದನ್ನು ಗಟ್ಟಿಯಾಗಿ ಓದಿದಳಂತೆ. ಇಡೀ ವಾರ್ಡ್ ತಣ್ಣಗಾಯಿತಂತೆ. ಅಂದು ಮನೆಗೆ ಬಂದವಳೇ ಎಲ್ಲ ಕಿತ್ತು ಹಾಕಿದಳು. “ಅಲ್ಲಿ ಕೂತಿರೋರನ್ನ ಯಾವ ಪೆಟ್ಟಿಗೆಯೂ ಏನೂ ಕೇಳಕೂಡದು. ಮೀನು ನೇರವಾಗಿ ಗಾಜಿನ ಮೇಲೆ ಬರಬೇಕು, ನಡುವೆ ಯಾರೂ ಇರಬಾರದು.”

ಮಾರ್ಚ್ 8, ಭಾನುವಾರ. 10.15

ಬರೆಯಲು ಮುಖವಿರಲಿಲ್ಲ. ಗುರುವಾರ ಡೆಸ್ಕ್‌ಟಾಪ್ ಹಾಕಿಬಿಟ್ಟೆ. ದಾರಿಗೇನೂ ಬರಲಿಲ್ಲ. ಬಂದದ್ದು ಒಂದು ಚೌಕ — ಸುಸ್ವಾಗತ, ನಿಮ್ಮ ಬಗ್ಗೆ ಸ್ವಲ್ಪ ಹೇಳಿಕೊಳ್ಳಿ.

ಹೇಳಿಕೊಳ್ಳಲು ಏನಿದೆ.

ಮೂರು ದಿನ ಹಿಡಿಯಿತು ಅದನ್ನು ಬೇರುಸಮೇತ ತೆಗೆಯಲು. ನಡುವೆ ನಾದಿನಿ ಫೋನು ಮಾಡಿದಳು.

“ಭಾವ, ಊಟ ಆಯ್ತಾ?”

“ಡ್ರೈವರ್ ಸಿಗ್ತಿಲ್ಲ.”

“ಎಲ್ಲಿಗೆ ಹೊರಟ್ರಿ?”

ಕಥೆಯೆಲ್ಲ ಹೇಳಿದೆ. “ಅಕ್ಕ ಇದ್ದಾಗ ರಿಮೋಟಿಗೆ ಸೆಲ್ ಹಾಕೋಕೂ ಅವಳನ್ನೇ ಕೂಗ್ತಿದ್ರಿ. ಟಿವಿ ಹಾಕ್ಲಿ ಬಿಡಿ ಭಾವ. ಮೀನು ಹೋದ್ರೆ ಅಕ್ಕ ಹೋಗ್ತಾಳಾ?”

ಚುಕ್ಕಿಯ ಸೀರೆಗಳನ್ನು ಕೊಟ್ಟಿದ್ದೇನೆ, ಕನ್ನಡಕ ಕೊಟ್ಟಿದ್ದೇನೆ. ಅಳಲಿಲ್ಲ. ಆದರೆ ಅವಳು ಮಾಡಿದ್ದರಲ್ಲಿ ಇನ್ನೂ ಓಡುತ್ತಿದ್ದದ್ದು ಇದೊಂದೇ. ನಿಲ್ಲಿಸಿದವನು ನಾನು.

ಮಾರ್ಚ್ 10, ಮಂಗಳವಾರ. 4.40

ಲಿನಕ್ಸ್ ಜನ ಸೇರುವ ಕಟ್ಟೆಯೊಂದು ಇಂಟರ್ನೆಟ್ಟಿನಲ್ಲಿದೆ. ಬರೆದೆ. ರೆಸ್ಪೆಕ್ಟೆಡ್ ಸರ್, ಮೈ ಫಿಶಸ್ ಆರ್ ಸ್ಲೋ. ಫಿಶಸ್ಸೋ ಫಿಶ್ಶೋ ಎಂದು ಅರ್ಧ ಗಂಟೆ ಯೋಚಿಸಿದೆ. ಮೊದಲ ಉತ್ತರ — ಡೆಸ್ಕ್‌ಟಾಪ್ ಹಾಕಿ. ಎರಡನೆಯದು — ಡೆಸ್ಕ್‌ಟಾಪ್ ಯಾಕೆ ಹಾಕಿಲ್ಲ? ಮೂರನೆಯವನು ಅಕ್ವೇರಿಯಂ ನೀರು ಬದಲಿಸಿ ಅಂದ. ತಮಾಷೆಗಿರಬೇಕು.

ಮಾರ್ಚ್ 11, ಬುಧವಾರ. 3.20

ಒಂದು ವಿಚಿತ್ರ. ಆ ಘನವನ್ನು ಸುಡೋ ಅಂತ ಹಾಕಿ, ಅಂದರೆ ಮೆಷಿನ್ನಿನ ಯಜಮಾನನ ಅಧಿಕಾರದಲ್ಲಿ ಓಡಿಸಿದೆ. ಬೆಣ್ಣೆಯ ಹಾಗೆ ತಿರುಗಿತು. ರೆಂಡರರ್ ಹೆಸರೂ ಬದಲು, ಚಿಪ್ಪಿನ ಹೆಸರೇ ಬಂತು. ಮೋಟಾರ್ ಕೆಟ್ಟಿಲ್ಲ!

ಹಾಗಾದರೆ ಮೀನನ್ನೂ ಯಜಮಾನನ ಲೆಕ್ಕದಲ್ಲೇ ಓಡಿಸಿದರಾಯಿತು, ಇಷ್ಟು ದಿನ ಒದ್ದಾಡಿದ್ದು ದಂಡ ಎಂದುಕೊಂಡು ಒತ್ತಿದೆ. ಮೀನು ಬರಲಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

ಯಜಮಾನರೇ, ನೀವು ಬೇಡ. ನನ್ನ ಹೆಸರಲ್ಲಿ ಓಡಿಸಿ.

ಆಮೇಲೆ ಏನು ಮಾಡಿದೆನೋ ನೆನಪಿಲ್ಲ. ಟೀ ಕುದಿದು ಪಾತ್ರೆ ಕಪ್ಪಾಗಿತ್ತು.

ನಾನು ಒಂದು ದಿನ ಕೈ ಹಾಕುತ್ತೇನೆ ಅಂತ ಗೊತ್ತಿತ್ತು ಅವಳಿಗೆ. ಎಲ್ಲ ಅಧಿಕಾರ ಇಟ್ಟುಕೊಂಡು ಓಡಿಸಿ ಪೆಟ್ಟಿಗೆಯನ್ನೇ ಹಾಳು ಮಾಡುತ್ತೇನೆ ಅಂತಲೂ. ಅವಳ ಲೆಕ್ಕ ಯಾವತ್ತು ತಪ್ಪಿತ್ತು? ಪೆಟ್ಟಿಗೆಯಲ್ಲಿ ಅವಳ ಖಾತೆಯ ಹೆಸರು ಮನೆಯಲ್ಲಿ ಕರೆಯುತ್ತಿದ್ದ ಹೆಸರೇ, ಚುಕ್ಕಿ. ಆ ಹೆಸರಲ್ಲಿ ಓಡಿಸಿದರೆ — ಪರ್ಮಿಷನ್ ಡಿನೈಡ್, ಮತ್ತೆ ಕುಂಟು.

ಅವಳು ಕಟ್ಟಿದ ಪೆಟ್ಟಿಗೆ. ಅವಳಿಗೇ ಪ್ರವೇಶವಿಲ್ಲ.

ಮಾರ್ಚ್ 12, ಗುರುವಾರ. 9.30

ಪರ್ಮಿಷನ್ ಡಿನೈಡ್ ಸಾಲನ್ನು ಖಾತೆಯ ಹೆಸರಿನ ಸಮೇತ ನಿನ್ನೆ ಕಟ್ಟೆಗೆ ಹಾಕಿದ್ದೆ, ಹೊಸ ಉತ್ತರ ಬಂದಿದೆ. ಯಾರೋ ಪುಣ್ಯಾತ್ಮ, ಒಂದೇ ಸಾಲು — ಚುಕ್ಕಿ ರೆಂಡರ್ ಗ್ರೂಪಿನಲ್ಲಿ ಇದ್ದಾರೆಯೇ?

ಇದ್ದಾರೆಯೇ. ವರ್ತಮಾನ ಕಾಲ.

ತಿಳಿದದ್ದನ್ನು ಬರೆದಿಡುತ್ತೇನೆ, ಮರೆತರೆ ಕಷ್ಟ. ಚಿಪ್ಪಿಗೆ ಎರಡು ಬಾಗಿಲು. ಚಿತ್ರ ತೋರಿಸಲು ಒಂದು, ಚಿತ್ರ ಬಿಡಿಸಲು ಒಂದು. ಮೊದಲು ಎರಡಕ್ಕೂ ‘ವಿಡಿಯೋ’ ಎನ್ನುವ ಗುಂಪಿನವರನ್ನು ಬಿಡುತ್ತಿದ್ದರು. ಅವಳು ಅದರಲ್ಲಿದ್ದಳು. ನಾನು ವೈ ಒತ್ತಿದ ದಿನ ಬಿಡಿಸುವ ಬಾಗಿಲು ‘ರೆಂಡರ್’ ಎನ್ನುವ ಹೊಸ ಗುಂಪಿಗೆ ಹೋಯಿತು. ಹಳೆಯ ಸದಸ್ಯರನ್ನು ಯಾರೂ ಹೊಸ ಪಟ್ಟಿಗೆ ಬರೆದುಕೊಳ್ಳಲಿಲ್ಲ. ಡೆಸ್ಕ್‌ಟಾಪಿನ ಮುಂದೆ ಕೂತು ಒಳಗೆ ಬಂದವರಿಗೆ ಪೆಟ್ಟಿಗೆ ತಾನಾಗಿ ಬಾಗಿಲು ತೆರೆದುಕೊಡುತ್ತದಂತೆ. ಇವಳು ಹಿಂಬಾಗಿಲಿನಿಂದ, ಯಾರನ್ನೂ ಕೇಳದೆ, ಸೀದಾ ಗಾಜಿನ ಹತ್ತಿರ ಹೋಗುವವಳು. ಅಂಥವರ ಹೆಸರನ್ನು ಕೈಯಾರೆ ಬರೆಯಬೇಕು.

11.05

ಎರಡು ವರ್ಷ ಎಲ್ಲ ಪಟ್ಟಿಯಿಂದ ಅವಳ ಹೆಸರು ತೆಗೆಸಿದ ಕೈ. ಇವತ್ತು ಸೇರಿಸಬೇಕು.

ಒಂದು ಸಾಲು. ಕೊನೆಯಲ್ಲಿ ಅವಳ ಹೆಸರು. ಆರು ಇಂಗ್ಲಿಷ್ ಅಕ್ಷರ, ನಡುವೆ ಎರಡು ಕೆ. ಒಂದೊಂದೇ ಒತ್ತಿದೆ. ಎಂಟರ್ ಒತ್ತಲು ಧೈರ್ಯ ಸಾಲದೆ ಹೋಗಿ ಬಟ್ಟೆ ಒಣಹಾಕಿ ಬಂದೆ. ಬಂದು ಒತ್ತಿದೆ.

ಪೆಟ್ಟಿಗೆ ಏನೂ ಹೇಳಲಿಲ್ಲ. ತಪ್ಪಾದರೆ ಮಾತ್ರ ಮಾತಾಡುತ್ತದೆ ಇದು. ಪಟ್ಟಿ ತೆಗೆದು ನೋಡಿದೆ. ರೆಂಡರ್: ಚುಕ್ಕಿ. ಒಬ್ಬಳೇ ಸದಸ್ಯೆ.

ಮನೆಯಲ್ಲಿ ಓಡಿಸಿ ನೋಡಲಿಲ್ಲ. ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಿದ ಮೇಲಷ್ಟೇ ಹೊಸ ಪಟ್ಟಿ ಲೆಕ್ಕಕ್ಕೆ ಬರುತ್ತದಂತೆ. ಆರಿಸಿದೆ. ಹಚ್ಚುವುದು ನಾಳೆ, ವಾರ್ಡಿನಲ್ಲೇ. ಇಲ್ಲಿ ಒಬ್ಬನೇ ಕೂತು ಮತ್ತೆ ಕುಂಟುವುದನ್ನು ನೋಡಲಾರೆ.

ಮಾರ್ಚ್ 13, ಶುಕ್ರವಾರ. ಸಂಜೆ 6.45. ವಾರ್ಡ್

ಏಳನೇ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನದ ಸರದಿ ಆರಕ್ಕೆ ಮುಗಿಯಿತು. ಎಲ್ಲರೂ ಹೋದರು. ಟೈಲರ್ ಮಾತ್ರ ತೋಳಿಗೆ ಹತ್ತಿ ಒತ್ತಿಕೊಂಡು ವ್ಯಾನಿಗೆ ಕಾಯುತ್ತಿದ್ದಾನೆ. ಹತ್ತು ದಿನದಿಂದ ಬರಿ ಗೋಡೆ ನೋಡಿ ಸೊರಗಿದ್ದಾನೆ.

“ಲಿಫ್ಟಪ್ಪ, ಒತ್ತು ಮತ್ತೆ. ಮುಹೂರ್ತ ಬೇಕಾ?”

“ಆಗದಿದ್ರೆ?”

“ಆಗದಿದ್ರೆ ಸೋಮವಾರದಿಂದ ಟಿವಿಲಿ ಕೆಮ್ಮಿನ ಔಷಧಿ ಎಣಿಸ್ತೀನಿ. ಒತ್ತು.”

ಒತ್ತಿದೆ. ಕಪ್ಪು. ಬಿಳಿ ಅಕ್ಷರದ ಸಾಲುಗಳು ಮೇಲಕ್ಕೆ ಓಡುತ್ತಿವೆ. ದೊಡ್ಡ ಸಿಸ್ಟರ್ ಟ್ರೇ ಹಿಡಿದುಕೊಂಡೇ ನಿಂತಿದ್ದಾರೆ. ನನ್ನ ಕೈಯಲ್ಲಿ ಇನ್ನೇನೂ ಇಲ್ಲ. ಮೂವತ್ತೊಂದು ವರ್ಷ ಹೀಗೇ ನಿಂತಿದ್ದೇನೆ, ಗುಂಡಿ ಒತ್ತಿ, ಬಾಗಿಲ ಮುಂದೆ, ಬರುತ್ತದೋ ಇಲ್ಲವೋ ಎಂದು. ಆಗೆಲ್ಲ ಹಗ್ಗದ ಸದ್ದು ಕೇಳುತ್ತಿತ್ತು. ಇದಕ್ಕೆ ಸದ್ದೇ ಇಲ್ಲ.

ಸಾಲುಗಳು ನಿಂತವು. ಮತ್ತೆ ಕಪ್ಪು.

ನೀಲಿ.

ಚೌಕಳಿ ಬಂತು. ಕೆಂಪು ಬಂತು. ಎಡ ಅಂಚಿನಲ್ಲಿ ಹಳದಿಯ ಮೂತಿ. ಟೈಲರ್ ಎಣಿಸಲು ಶುರುಮಾಡಿದ, ನಾನು ಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡೆ. ಬಿಕ್ಕಳಿಕೆ ಇದೆಯೋ ಇಲ್ಲವೋ ನನ್ನ ಕಣ್ಣಿಗೆ ಗೊತ್ತಾಗುತ್ತಿಲ್ಲ, ನೀರು ತುಂಬಿಕೊಂಡಿದೆ. ಅವನ ಧ್ವನಿಯನ್ನೇ ನಂಬಬೇಕು. ಹತ್ತೊಂಬತ್ತು. ಇಪ್ಪತ್ತು. ಹಳದಿ ನಡುಮಧ್ಯದಲ್ಲಿದೆ, ನೆಟ್ಟಗೆ.

ಸಿಸ್ಟರ್ ದೀಪದ ಸ್ವಿಚ್ಚಿಗೆ ಕೈ ಚಾಚಿದರು. ಬೇಡ ಎಂದು ಟೈಲರ್ ತಲೆಯಾಡಿಸಿದ, ಎಣಿಕೆ ಬಿಡದೆ. ಮೂವತ್ತೊಂದು. ಕಿಟಕಿಯಲ್ಲಿ ಬೆಳಕು ಇಳಿದುಹೋಗುತ್ತಿದೆ, ಈಗ ಗಮನಿಸಿದೆ. ಸೆಕೆಂಡಿನ ಮುಳ್ಳು ಕಾಣುತ್ತಿಲ್ಲ, ಗೆರೆಯೂ ಕಾಣುತ್ತಿಲ್ಲ, ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ಬಲ ಅಂಚಿಗೆ ಇನ್ನು ಒಂದು ಗೇಣು. ಮೂವತ್ತೆಂಟು. ಮೂವತ್ತೊಂಬ