ಲ್ಯಾಬಿನ ಕಪಾಟಿನ ಕಪ್ಪೆಯನ್ನು ಎಸೆಯಬೇಡಿ

ಮಾನ್ಯ ಪ್ರಾಂಶುಪಾಲರೇ,

ತಮ್ಮ ಶಾಲೆಯ ಬಯಾಲಜಿ ಲ್ಯಾಬಿನ ಕಪಾಟಿನಲ್ಲಿ ಹತ್ತಿ ತುಂಬಿಸಿದ ಒಂದು ಸತ್ತ ಕಪ್ಪೆ ಇದೆ. ಬೇಸಿಗೆ ರಜೆ ಮುಗಿಯುವುದರೊಳಗೆ ಅದನ್ನು ಹಳೆಯ ಸಾಮಾನುಗಳ ಜೊತೆ ಲಾರಿಗೆ ಹಾಕಬೇಕೆಂದು ತಾವು ಆಜ್ಞೆ ಮಾಡಿದ್ದೀರಿ. ಹಾಕಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಬಿ.ಕಾಂ.ನಲ್ಲಿ ಕಲಿತ ‘ಐ ಬೆಗ್ ಟು ಸ್ಟೇಟ್’ ಇಂಗ್ಲಿಷಿನಲ್ಲಿ ಬರೆದ ಅರ್ಜಿಗಳಿಗೆ ತಮ್ಮಿಂದ ಉತ್ತರ ಬರಲಿಲ್ಲ. ಆದ್ದರಿಂದ ದೋಹಾದ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ, ನಾಲ್ಕು ಜನರ ಎದುರು, ನನಗೆ ಬರುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಕನ್ನಡ ಬಾರದು. ತಮ್ಮ ಕಚೇರಿಯ ಜ್ಯೋತ್ಸ್ನಾ ಉಡುಪಿಯವಳು, ಓದಿ ಹೇಳುತ್ತಾಳೆ. ಸ್ವಲ್ಪ ಖಾರ ಕಡಿಮೆ ಮಾಡಿ ಹೇಳಿಯಾಳು, ಅವಳಿಗೂ ನೌಕರಿ ಉಳಿಯಬೇಕಲ್ಲ.

ಅದು ಕೇನ್ ಟೋಡ್ ಎಂಬ ನೆಲಗಪ್ಪೆ. ಬ್ಯೂಫೋ ಏನೋ ಒಂದು ಶಾಸ್ತ್ರೀಯ ಹೆಸರು, ಉರ್ಸುಲಾ ಇದ್ದಿದ್ದರೆ ಹೇಳಿಕೊಡುತ್ತಿದ್ದಳು. ಉರ್ಸುಲಾ ನನ್ನ ಹೆಂಡತಿ, ತಮ್ಮ ಶಾಲೆಯಲ್ಲೇ ಬಯಾಲಜಿ ಟೀಚರಾಗಿದ್ದಳು. ತಾವು ಅಧಿಕಾರಕ್ಕೆ ಬರುವ ಮೊದಲೇ, ಕಳೆದ ವರ್ಷ ಈಸ್ಟರಿಗೆ ಮುಂಚೆ ತೀರಿಕೊಂಡಳು. ಆ ಕಪ್ಪೆಯನ್ನು ಆಸ್ಟ್ರೇಲಿಯಾದಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಅವಳಿಗೆ ಕೊಟ್ಟಿದ್ದಳು. ಅಲ್ಲಿಯ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಮಾರುತ್ತಾರಂತೆ. ಕೈಗೆ ಪುಟ್ಟ ಕ್ರಿಕೆಟ್ ಬ್ಯಾಟು ಅಂಟಿಸಿದ್ದರು. ಉರ್ಸುಲಾ ಅದನ್ನು ಕಿತ್ತು ತೆಗೆದಳು. “ಬದುಕಿದ್ದಾಗ ಆಡದ ಆಟವನ್ನು ಸತ್ತ ಮೇಲೆ ಯಾಕೆ ಆಡಿಸುವುದು, ಪಾಪ” ಎಂದಳು. ಮಳೆಗಾಲದ ವಟಗುಟ್ಟುವಿಕೆ ಕೇಳದೆ ಈ ಮರಳಿನಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಹಲವರು ಹತ್ತಿರದಿಂದ ನೋಡಿದ ಮೊದಲ ಕಪ್ಪೆ ಅದೇ.

ಇದರ ಕತೆ ತಮಗೆ ಗೊತ್ತೇ? 1935ರಲ್ಲಿ, ಕಬ್ಬು ಹಾಳು ಮಾಡುವ ದುಂಬಿಗಳನ್ನು ತಿಂದು ಮುಗಿಸಲಿ ಎಂದು ತಿಳಿದವರೆಲ್ಲ ಸೇರಿ ಹವಾಯಿಯಿಂದ ಸುಮಾರು ನೂರು ಕಪ್ಪೆಗಳನ್ನು ಆಸ್ಟ್ರೇಲಿಯಾಕ್ಕೆ ತರಿಸಿದರು. ದುಂಬಿ ಕಬ್ಬಿನ ತುದಿಯಲ್ಲಿ, ಕಪ್ಪೆ ನೆಲದಲ್ಲಿ. ಇದಕ್ಕೆ ಹತ್ತಲು ಬರುತ್ತದೆಯೇ ಎಂದು ಯಾರಾದರೂ ಕೇಳಿದರೇ? ಸಭೆ ನಡೆದಿರಬೇಕು, ಚಹಾ ಬಂದಿರಬೇಕು, ಎಲ್ಲರೂ ತಲೆಯಾಡಿಸಿರಬೇಕು. ಕಪ್ಪೆ ದುಂಬಿಯನ್ನು ಬಿಟ್ಟು ಮಿಕ್ಕದ್ದೆಲ್ಲ ತಿಂದಿತು, ನಾಯಿಗೆ ಇಟ್ಟ ಊಟವನ್ನೂ ಬಿಡಲಿಲ್ಲ. ಒಂದು ಹೆಣ್ಣು ಒಂದೇ ಸಲಕ್ಕೆ ಮೂವತ್ತು ಸಾವಿರ ಮೊಟ್ಟೆ ಇಡಬಲ್ಲದು. ಮೈಯಲ್ಲಿ ಎಂಥ ವಿಷವೆಂದರೆ ನುಂಗಿದ ಮೊಸಳೆಯೂ ಸತ್ತದ್ದಿದೆ. ಕಾಗೆಗಳು ಮಾತ್ರ ಅದನ್ನು ಅಂಗಾತ ಮಗುಚಿ, ವಿಷ ಕಡಿಮೆ ಇರುವ ಹೊಟ್ಟೆಯ ಕಡೆಯಿಂದ ತಿನ್ನಲು ಕಲಿತವು. ಇಲ್ಲಿಗೆ ಬಂದಾಗ ಉರ್ಸುಲಾ ಪಾಠ ನಿಲ್ಲಿಸಿ, “ಕಾಗೆಗೆ ಯಾವ ಸ್ಕೂಲಿನಲ್ಲಿ ಹೇಳಿಕೊಟ್ಟರು?” ಎಂದು ಕೇಳುವಳು. ಹಿಂದಿನ ಬೆಂಚಿಗೂ ಎಚ್ಚರವಾಗುತ್ತಿತ್ತಂತೆ.

ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಅಥವಾ ವಿಷಯವೇ ಇದೋ ಏನೋ.

ಅವಳ ಕೊನೆಯ ವರ್ಷ ಪೇಪರಿನಲ್ಲಿ ಹೊಸ ಸಂಶೋಧನೆ ಬಂತು. ಹೊಸ ಜಾಗಕ್ಕೆ ಎಲ್ಲರಿಗಿಂತ ಮುಂದೆ ನುಗ್ಗುವ ಕಪ್ಪೆಗಳಿಗೆ ಕಾಲು ಉದ್ದವಂತೆ, ಆದರೆ ದೊಡ್ಡವಾದ ಮೇಲೆ ಬೆನ್ನುಮೂಳೆಗೆ ಸಂಧಿವಾತವಂತೆ. ಊಟಕ್ಕೆ ಕುಳಿತಾಗ ಓದಿ ಹೇಳಿದಳು. “ಕೇಳಿದ್ರಾ, ಇದು ನನ್ನದೇ ಕೇಸು. ಲ್ಯಾಬಿಗೆ ಮೆಟ್ಟಿಲು ಹತ್ತಿ ಹತ್ತಿ ಬೆನ್ನು ಹೋಯ್ತು.” ಇಬ್ಬರೂ ನಕ್ಕೆವು. ಬೆನ್ನುನೋವು ಮೆಟ್ಟಿಲಿನದಲ್ಲ, ಎದೆಯ ಗಡ್ಡೆ ಮೂಳೆಗೆ ಇಳಿದದ್ದು ಎಂದು ಆಮೇಲೆ ತಿಳಿಯಿತು. ಅದೂ ಹೀಗೆಯೇ, ಸದ್ದಿಲ್ಲದೆ ಒಳಗೆ ಬಂದು ಸಿಕ್ಕಿದ್ದೆಲ್ಲ ತಿಂದಿತು.

ಕಪ್ಪೆ ವಿಷದ ಪ್ರಾಣಿ, ಪೋಷಕರು ಹೆದರುತ್ತಾರೆ ಎಂಬುದು ತಮ್ಮ ಕಾರಣ. ಇಷ್ಟು ವರ್ಷ ಕಪಾಟಿನಲ್ಲಿ ಕುಳಿತು ಅದು ಯಾರನ್ನು ಕೊಂದಿತು, ಮಾನ್ಯರೇ? ಕಳೆದ ವಾರ ತಮ್ಮನ್ನು ಕಾಣಲು ಬಂದಾಗ ಜ್ಯೋತ್ಸ್ನಾ ಗದರಿದಳು.

“ಎಂತ ಅಂಕಲ್, ಒಂದು ಸತ್ತ ಕಪ್ಪೆಗೆ ಎಷ್ಟು ಸಲ ಬರುವುದು ನೀವು? ಜೀವ ಇದ್ದಿದ್ರೆ ಅದೇ ಹಾರಿ ನಿಮ್ಮ ಮನೆಗೆ ಬರ್ತಿತ್ತು.”

“ಸಾಹೇಬರು ಎಂತ ಹೇಳಿದ್ರು ಮಗಾ?”

“ಬೇಕಾದ್ರೆ ಮನೆಗೆ ತಗೊಂಡು ಹೋಗ್ಲಿ ಅಂದ್ರು. ಒಂದು ಸೈನ್ ಮಾಡಿ, ಖಲಾಸ್. ತಗೊಂಡು ಹೋಗಿ ಮಾರಾಯ್ರೆ.”

ತಮ್ಮ ಔದಾರ್ಯಕ್ಕೆ ಋಣಿ. ಆದರೆ ನನಗೆ ಬೇಡ. ನನ್ನ ಫ್ಲಾಟಿನಲ್ಲಿ ಅವಳ ಕನ್ನಡಕವಿದೆ, ಚಪ್ಪಲಿಯಿದೆ, ಅರ್ಧ ಉಳಿದ ಪೌಡರಿನ ಡಬ್ಬಿಯಿದೆ. ಅವನ್ನು ತೋರಿಸಿ ಇದೇನೆಂದು ಕೇಳುವವರು ಯಾರೂ ಇಲ್ಲ. ಕಪ್ಪೆಯೂ ಬಂದು ಅವುಗಳ ಪಕ್ಕ ಕುಳಿತು ಏನು ಮಾಡಬೇಕು? ಲ್ಯಾಬಿನಲ್ಲಿದ್ದರೆ ಯಾವುದೋ ಮಗು “ಇದೇನು ಮಿಸ್?” ಎಂದು ಕೇಳೀತು.

ನನ್ನ ಬೇಡಿಕೆ ಇಷ್ಟೇ. ಸ್ಮಾರ್ಟ್ ಬೋರ್ಡು ಬರಲಿ, ಬಣ್ಣ ಬಳಿಯಲಿ, ಕಪಾಟಿನಲ್ಲಿ ಒಂದು ಗೇಣು ಜಾಗ ಬಿಡಿ. ಪೋಷಕರ ಭಯಕ್ಕೆ ಗಾಜಿನ ಪೆಟ್ಟಿಗೆ ನಾನು ಮಾಡಿಸಿ ಕೊಡುತ್ತೇನೆ. ಹೊಸ ಟೀಚರಿಗೆ ಪುರುಸೊತ್ತಿಲ್ಲವಾದರೆ ವರ್ಷಕ್ಕೊಂದು ಪೀರಿಯಡ್ ನನಗೆ ಕೊಡಿ. ಪಾಠದ ಹಿಂದಿನ ದಿನ ಅವಳು ಪ್ರತಿ ವರ್ಷ ನನ್ನೆದುರು ಅಭ್ಯಾಸ ಮಾಡುತ್ತಿದ್ದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮಕ್ಕಳು ನಗುತ್ತಾರೆ, ಎಲ್ಲವೂ ಬಾಯಿಪಾಠ. ನನ್ನ ಇಂಗ್ಲಿಷಿಗೆ ಅವರು ಬೇರೆ ಕಡೆಯೂ ನಕ್ಕಾರು, ನಗಲಿ. ಅವಳ ಧ್ವನಿ ಈಗೀಗ ನನಗೆ ನೆನಪಿಗೆ ಬರುವುದಿಲ್ಲ. ಈ ಪಾಠ ಹೇಳುವಾಗ ಮಾತ್ರ ಕೇಳಿಸುತ್ತದೆ.

ಇಂತಿ,
ತಮ್ಮ ಗೇಟಿನವರು ಈಗಲೂ ‘ಉರ್ಸುಲಾ ಮಿಸ್ಸಿನ ಯಜಮಾನರು’ ಎಂದೇ ಬರೆದುಕೊಂಡು ಒಳಗೆ ಬಿಡುವ
ಥಿಯೋಡೋರ್
ಬಿನ್ ಒಮ್ರಾನ್ ಬಡಾವಣೆ, ದೋಹಾ